ಹೊಗೆಯಿಲ್ಲದ ತೋಟೆಯ ಸಾಹೇಬರು

ಸಾಹೇಬರು ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡರು ಎಂದು ಅವರ ಅಳಿಯ ಬಂದು ಹೇಳಿದಾಗ ನಾನು ನಂಬಲಿಲ್ಲ. ತೀರಿಕೊಂಡದ್ದನ್ನು ನಂಬಿದೆ, ವಯಸ್ಸಾಗಿತ್ತು, ಎಲ್ಲರೂ ಹೋಗುವವರೇ. ಕೂತದ್ದನ್ನು ನಂಬಲಿಲ್ಲ. ಶಿರಸಿ ಪೇಟೆಯಲ್ಲಿ ಅವರ ಅಂಗಡಿಗೂ ನನ್ನ ಹೊಲಿಗೆ ಅಂಗಡಿಗೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಅದರ ಈಚೆ ಕೂತು ಬೆನ್ನು ಬಗ್ಗಿಸಿಕೊಂಡವನು ನಾನು. ಆಚೆ ಅವರು ಕೂತದ್ದನ್ನು ಒಂದು ದಿನವೂ ಕಂಡವನಲ್ಲ. ಅಳಿಯ ಯಲ್ಲಾಪುರದವನು, ಸ್ವಂತ ಲಾರಿ ಇಟ್ಟುಕೊಂಡವನು. ಸಾಗರಕ್ಕೆ ಮಾಲು ಹೊತ್ತು ಹೊರಟಿದ್ದವನು ಇಂಜಿನ್ ನಿಲ್ಲಿಸದೆಯೇ ಸುದ್ದಿ ಹೇಳಿ ಹೊರಟುಹೋದ. ನಾನು ಕತ್ತರಿ ಹಿಡಿದುಕೊಂಡು ಹಾಗೇ ನಿಂತೆ. ಅಳು ಬರುವ ಮೊದಲು ಸಿಟ್ಟು ಬಂತು. ನನ್ನ ಸ್ವಭಾವವೇ ಹಾಗೆ, ಏನು ಮಾಡಲಿ.

ಊರಿಗೆಲ್ಲ ಅವರು ತೋಟೆ ಸಾಹೇಬರು. ಕೋವಿಯ ತೋಟೆ ಮಾರುವುದಕ್ಕೆ ಸರ್ಕಾರದ ಪರವಾನಗಿ ಇದ್ದ ಅಂಗಡಿ ನಮ್ಮ ಸಾಲಿನಲ್ಲಿ ಅದೊಂದೇ. ಅದರ ಜೊತೆಗೆ ಟಾರ್ಚಿನ ಸೆಲ್ಲು, ಗ್ಯಾಸ್‌ಬತ್ತಿಯ ಮ್ಯಾಂಟಲು, ಮೀನಿನ ಗಾಳ ಇದ್ದವು. ಆದರೆ ಅವರ ಜೀವ ಇದ್ದದ್ದು ತೋಟೆಯಲ್ಲಿ. ಗಿರಾಕಿ ಬರಲಿ ಬಾರದಿರಲಿ, ಅಂಗಡಿಯ ಒಳಗೆ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇರುತ್ತಿದ್ದರು. ಹಲಗೆಯ ಗೋಡೆಯ ಮೂಲಕ ಅವರ ಚಪ್ಪಲಿಯ ಸದ್ದು ಕೇಳಿ ಕೇಳಿ ನನ್ನ ಹೊಲಿಗೆಯ ಮಿಷನ್ನಿನ ಕಾಲು ಕೂಡ ಅದೇ ಲಯಕ್ಕೆ ಬಿದ್ದಿತ್ತು. ಅವರು ಊರಲ್ಲಿ ಇಲ್ಲದ ದಿನ ನನಗೆ ಕೆಲಸ ಸಾಗುತ್ತಿರಲಿಲ್ಲ. ಚಹಾವನ್ನು ನಿಂತೇ ಕುಡಿಯುತ್ತಿದ್ದರು, ಬಿಸಿ ಆರುವ ಮೊದಲೇ. ಒಂದು ತೋಟೆಯನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಸೀಸದ ಕಾಳು, ಚರೆ, ಸಡಿಲಾಗಿದೆಯೇ ಬಿಗಿಯಾಗಿದೆಯೇ ಎಂದು ಕೇಳಿ, ಮತ್ತೆ ಅದರ ಜಾಗದಲ್ಲಿಡುವುದು ಅವರ ಚಟ. ಮಾತಾಡುವಾಗಲೂ ಕೈಯಲ್ಲಿ ಒಂದು ಇರಲೇಬೇಕು. ಅವರ ಬೇಗಂ ಒಮ್ಮೆ ಪರದೆಯ ಹಿಂದಿನಿಂದ ನನ್ನ ಹೆಂಡತಿಗೆ ಹೇಳಿದ್ದರಂತೆ, ನಮ್ಮವರಿಗೆ ಜಪದ ತಸ್ಬಿ ಮಣಿಯೂ ಅದೇ, ತೋಟೆಯೂ ಅದೇ ಎಂದು.

ಇದು ಮೂವತ್ತರ ದಶಕದ ಮಾತು. ಆ ವರ್ಷಗಳಲ್ಲಿ ಮುಂಬಯಿಯಿಂದ ವರ್ಷಕ್ಕೊಂದು ಹೊಸ ನಮೂನೆಯ ತೋಟೆ ಬರುತ್ತಿತ್ತು. ಒಂದು ವರ್ಷ ಕೋವಿಯ ನಳಿಗೆಗೆ ತುಕ್ಕು ಹಿಡಿಸದ, ಮದ್ದಿಗೆ ಕಿಡಿ ಕೊಡುವ ಕೇಪು. ಇನ್ನೊಂದು ವರ್ಷ ಬಾಯಿಯನ್ನು ಹೂವಿನ ಮೊಗ್ಗಿನ ಹಾಗೆ ಮಡಚಿದ ತೋಟೆ. ಮುಂಬಯಿಯ ವ್ಯಾಪಾರಿ ಬಣ್ಣದ ಪಟಗಳಿರುವ ಕ್ಯಾಟಲಾಗು ಕಳಿಸುತ್ತಿದ್ದ. ಅದು ಬಂದ ದಿನ ಸಾಹೇಬರಿಗೆ ಹಬ್ಬ. ಅದನ್ನು ಹಿಡಿದು ಗೋಡೆಯ ಸಂದಿಯಿಂದ ನನ್ನನ್ನು ಕರೆಯುತ್ತಿದ್ದರು. ನನಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ತೋಟೆ ಸಿಕ್ಕಿಸುವ ಖಾಕಿ ಪಟ್ಟಿ, ಬೇಟೆಯ ಚೀಲ ಹೊಲಿದುಕೊಡುವುದು ನನ್ನ ಕೆಲಸ. ತೋಟೆಯ ಹೊಟ್ಟೆ ಎಷ್ಟು ದಪ್ಪ ಎಂಬುದಷ್ಟೇ ನನಗೆ ಬೇಕಾದದ್ದು. ಅವರಿಗೆ ಅದು ಸಾಲದು. ಹೊಸದರ ಗುಣವನ್ನು ಯಾರಿಗಾದರೂ ಹೇಳದಿದ್ದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ಹಳೇದರ ಮೇಲೆ ಅವರಿಗೆ ಎಳ್ಳಷ್ಟೂ ಗೌರವವಿಲ್ಲ. ಹಳೇದು ಅಂದ್ರ ತುಕ್ಕು, ಮಾಸ್ತರ್, ಎನ್ನುತ್ತಿದ್ದರು.

ಮಳೆಗಾಲದಲ್ಲಿ ನಮ್ಮ ಕಡೆ ತೋಟೆಯ ಕಾಗದ ತಂಡಿ ಹೀರಿ ಊದಿಕೊಳ್ಳುತ್ತದೆ. ಊದಿದ ತೋಟೆ ನಳಿಗೆಯೊಳಗೆ ಹೋಗುವುದಿಲ್ಲ. ಹೋದರೆ ಹೊರಗೆ ಬರುವುದಿಲ್ಲ. ಜನ ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಹಪ್ಪಳದ ಜೊತೆ ಒಣಗಿಸುತ್ತಿದ್ದರು. ಸಾಹೇಬರು ಇದನ್ನು ಕೇಳಿ ತಲೆ ತಲೆ ಚಚ್ಚಿಕೊಂಡಿದ್ದುಂಟು. ನೀರು ಹೀರದ, ಮೇಣದಂಥ ಬಣ್ಣ ಬಳಿದ ತೋಟೆ ಬಂದ ವರ್ಷ ಅವರು ಎಂಥ ಕೆಲಸ ಮಾಡಿದರೆಂದರೆ, ಸಂತೆಯ ದಿನ ಅಂಗಡಿಯ ಮುಂದೆ ಒಂದು ಕೊಡ ನೀರಿಟ್ಟು ಅದರೊಳಗೆ ತೋಟೆ ಹಾಕಿದರು. ಬಂದವರೆಲ್ಲ ಬಗ್ಗಿ ನೋಡಿದರು. ಸಂಜೆ ಅದನ್ನು ತೆಗೆದು ಒರೆಸಿ, ಹಿತ್ತಲಿನ ಬಯಲಿನಲ್ಲಿ ಮೇಲಕ್ಕೆ ಗುರಿ ಮಾಡಿ ಈಡು ಹೊಡೆದರು. ಢಂ ಎಂದಿತು. ಜನ ಬೆರಗಾದರು, ಪೊಲೀಸ್ ಕಾನ್‌ಸ್ಟೇಬಲ್ ಓಡಿ ಬಂದು ಗದರಿಸಿದ, ಅವನಿಗೂ ಸಾಹೇಬರು ತೋಟೆಯ ಗುಣ ವಿವರಿಸಿ ಚಹಾ ಕುಡಿಸಿ ಕಳಿಸಿದರು. ಆ ಕೊಡ ನನ್ನ ಅಂಗಡಿಯ ಕುಡಿಯುವ ನೀರಿನದು ಎಂಬುದು ನನಗೆ ಮಾರನೆಯ ದಿನ ಬಾಯಾರಿದಾಗ ತಿಳಿಯಿತು. ಒಂದು ವಾರ ನಾನು ಅವರೊಡನೆ ಮಾತು ಬಿಟ್ಟಿದ್ದೆ.

ಇವೆಲ್ಲ ಚಿಲ್ಲರೆ. ಅವರು ಹಟ ಹಿಡಿದು ಹಿಂದೆ ಬಿದ್ದದ್ದು ಹೊಗೆಯಿಲ್ಲದ ಮದ್ದಿನ ತೋಟೆಗೆ. ದೊಡ್ಡ ಊರುಗಳಲ್ಲಿ ಅದು ಹಳೆಯ ಮಾತೇ ಇರಬಹುದು. ನಮ್ಮಲ್ಲಿ ಮಾತ್ರ ಕರಿ ಮದ್ದಿನದೇ ರಾಜ್ಯ. ಕರಿ ಮದ್ದಿನ ಈಡು ಹೊಡೆದರೆ ಬೆಳ್ಳನೆಯ ಹೊಗೆ ಎದ್ದು ಹೊಡೆದವನ ಮುಖದ ಮುಂದೆಯೇ ನಿಲ್ಲುತ್ತದೆ. ಹಂದಿ ಸತ್ತಿತೋ ಓಡಿತೋ ಅವನಿಗೆ ಕಾಣುವುದಿಲ್ಲ. ಹೊಗೆ ಚದುರುವವರೆಗೆ, ಜೋಡು ನಳಿಗೆಯ ಕೋವಿಯಲ್ಲಿ ಎರಡನೆಯದು ತುಂಬಿದ್ದರೂ ಕಾಯಬೇಕು. ಹೊಸ ಮದ್ದಿನದರಲ್ಲಿ ಆ ತಾಪತ್ರಯವಿಲ್ಲ, ಮೊದಲ ಈಡು ತಪ್ಪಿದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಎರಡನೆಯದು. ಬೆಂಕಿಯಿಲ್ಲದೆ ಹೊಗೆಯಾಡದು ಎಂದು ನಿಮ್ಮ ಗಾದೆ, ನಾನು ಹೊಗೆಯಿಲ್ಲದ ಬೆಂಕಿ ತಂದಿದ್ದೇನೆ ಎಂದು ಸಾಹೇಬರು ಬಂದವರಿಗೆಲ್ಲ ಹೇಳುತ್ತಿದ್ದರು.

ಯಾರೂ ಕೊಳ್ಳಲಿಲ್ಲ. ಸೋಂದಾ ಕಡೆಯ ಹೆಗಡೆಯವರೊಬ್ಬರು ಮಂಗ ಓಡಿಸುವುದಕ್ಕೆಂದು ಒಯ್ದದ್ದನ್ನು ವಾಪಸು ತಂದು ಮೇಜಿನ ಮೇಲಿಟ್ಟರು.

"ಹೊಗೆ ಇಲ್ಲೆ, ಸಪ್ಪಳವೂ ಸಣ್ಣ. ಇದು ಈಡೋ, ಕೆಮ್ಮೋ? ಮಂಗ ಹೆದರೋದು ಚರೆಗಲ್ಲ ಸಾಹೇಬ್ರೇ, ಸಪ್ಪಳಕ್ಕೆ. ಎನಗೆ ಕರಿ ಮದ್ದಿಂದೇ ಕೊಡಿ."

ಹಲಗೆಯ ಈಚೆ ಕೂತಿದ್ದ ನನಗೆ ನಗು ತಡೆಯಲಿಲ್ಲ. ಸಾಹೇಬರು ನಗಲಿಲ್ಲ. ಕೈಯಲ್ಲಿದ್ದ ತೋಟೆಯನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ಕೇಳಿದರು, ಅದರಲ್ಲೇ ಏನೋ ತಪ್ಪಿದೆ ಎಂಬಂತೆ.

ಮಾರನೆಯ ದಿನದಿಂದ ಅವರ ತಿರುಗಾಟ ಶುರುವಾಯಿತು. ಬೆಳಗಿನ ಮೋಟಾರಿಗೆ ಸಿದ್ದಾಪುರಕ್ಕೆ, ಮತ್ತೊಂದು ದಿನ ಯಲ್ಲಾಪುರಕ್ಕೆ, ನಡುವೆ ಬನವಾಸಿಗೆ. ಸಿದ್ದಾಪುರದ ಸೀಮೆಯಲ್ಲಿ ಒಬ್ಬ ಗೌಡರಿದ್ದರು, ಬೇಟೆಗೆ ಹೆಸರಾದವರು. ಅವರು ಒಪ್ಪಿದರೆ ಸುತ್ತಿನ ಕೋವಿಯವರೆಲ್ಲ ಒಪ್ಪಿದ ಹಾಗೆ ಎಂಬುದು ಸಾಹೇಬರ ಲೆಕ್ಕ. ಗೌಡರು ಬೇಡವೆಂದರು. ಸಾಹೇಬರು ಮತ್ತೆ ಹೋದರು. ಗೌಡರು ಬೈದರು. ಸಾಹೇಬರು ಮತ್ತೂ ಹೋದರು. ಕೊನೆಗೆ ಇವರ ಕಾಟ ತಪ್ಪಿದರೆ ಸಾಕು ಎಂದು ಗೌಡರು ಒಂದು ಬೇಟೆಗೆ ಆ ತೋಟೆ ಹಾಕುತ್ತೇನೆ, ಬಂದು ನೋಡಿ ಎಂದರು. ಗೌಡರ ಹೊಸ ಪಟ್ಟಿಯನ್ನು ನಾನೇ ಹೊಲಿದಿದ್ದೆ. ಅದನ್ನು ಸೊಂಟಕ್ಕೆ ಸರಿಮಾಡಿಕೊಡಬೇಕು ಎಂದು ನೆವ ಹೇಳಿ ಸಾಹೇಬರು ನನ್ನನ್ನೂ ಹೊರಡಿಸಿದರು. ಬೇಟೆ ನೋಡುವ ಹುಚ್ಚು ನನಗೆ ಇರಲಿಲ್ಲ. ಇವರ ಸಂತೋಷ ನೋಡುವ ಆಸೆ ಇತ್ತು.

ನಮ್ಮ ಕಡೆಯ ಬೇಟೆ ಹೀಗೆ. ಕೋವಿಯವರು ಕಾಡಿನ ಒಂದು ಅಂಚಿನಲ್ಲಿ, ಹಂದಿ ದಾಟುವ ಕಂಡಿಗಳಲ್ಲಿ ಮರೆಯಾಗಿ ಕೂರುತ್ತಾರೆ. ಇನ್ನೊಂದು ಅಂಚಿನಿಂದ ಆಳುಗಳು ಸಾಲಾಗಿ ಕೂಗುತ್ತ, ಗಿಡ ಬಡಿಯುತ್ತ ಹಂದಿಯನ್ನು ಇತ್ತ ಅಟ್ಟುತ್ತ ಬರುತ್ತಾರೆ, ಇದಕ್ಕೆ ಸೋಯುವುದು ಎನ್ನುತ್ತೇವೆ. ಅಂದು ಸಾಹೇಬರೂ ನಾನೂ ಗೌಡರ ಹಿಂದೆ ಒಂದು ಮತ್ತಿಯ ಮರದ ಬುಡದಲ್ಲಿದ್ದೆವು. ನಾನು ಕೂತಿದ್ದೆ, ಸಾಹೇಬರು ಮರಕ್ಕೆ ಒರಗಿ ನಿಂತಿದ್ದರು. ಹಂದಿ ಬಂತು. ಗೌಡರು ಹೊಡೆದರು. ಹೊಗೆ ಎಂಬುದಿಲ್ಲ, ಎದುರಿನ ಎಲೆ ಎಲೆಯೂ ಕಾಣುತ್ತಿತ್ತು. ಸಾಹೇಬರು ನನ್ನ ಹೆಗಲು ಅಮುಕಿ, ಕಂಡಿರೇನು ಎಂದು ಕಣ್ಣಲ್ಲೇ ಕೇಳಿದರು. ಅವರ ಮುಖ ಅಷ್ಟು ಬೆಳಗಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಗಾಯವಾದ ಹಂದಿ ತಿರುಗಿ ಪೊದೆಗೆ ನುಗ್ಗಿತು. ಗೌಡರು ಒಂದು ಕ್ಷಣವೂ ಕಾಯದೆ ಎರಡನೆಯ ಈಡು ಹೊಡೆದರು. ಪೊದೆಯ ಆಚೆಯಿಂದ ಮನುಷ್ಯನ ಕೂಗು ಕೇಳಿತು.

ಬಿದ್ದವನು ಗುತ್ಯಾ, ಗೌಡರ ಮನೆಯ ಆಳು. ಚರೆ ಮೊಣಕಾಲಿಗೆ ಹೊಕ್ಕಿತ್ತು. ಕಂಬಳಿಗೆ ಕೋಲು ಕಟ್ಟಿ ಅವನನ್ನು ಸಿದ್ದಾಪುರಕ್ಕೆ ಹೊತ್ತರು. ಗೌಡರು ಕೋವಿಯನ್ನು ಅಲ್ಲೇ ಎಸೆದು ಅಳುತ್ತ ಹಿಂದೆ ಬಂದರು. ಸಾಹೇಬರು ಹೊರುವವರ ಹೆಗಲಿಗೆ ಹೆಗಲು ಕೊಡಲು ಹೋದರು, ಎತ್ತರ ಸರಿಬರಲಿಲ್ಲ, ಆಗ ಕಂಬಳಿಯ ಅಂಚು ಹಿಡಿದು ದಾರಿಯುದ್ದಕ್ಕೂ ಓಡುತ್ತ ಬಂದರು. ಗುತ್ಯಾ ಬದುಕಿದ. ಕಾಲು ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಅವನಿಗೆ ಮಾತಾಡುವಷ್ಟು ಶಕ್ತಿ ಬಂದ ದಿನ ನಾವಿಬ್ಬರೂ ಹೋಗಿದ್ದೆವು. ಸಾಹೇಬರು ಕಿತ್ತಳೆ ಹಣ್ಣು ಒಯ್ದಿದ್ದರು. ಯಾಕೆ ಹಾಗೆ ಮುಂದೆ ಬಂದೆ, ಈಡು ಕೇಳಲಿಲ್ಲವೇ ಎಂದು ನಾನೇ ಕೇಳಿದೆ, ನನ್ನ ಬಾಯಿ ಸುಮ್ಮನಿರುವುದಿಲ್ಲ. ಗುತ್ಯಾ ಯಾರ ಮೇಲೂ ದೂರು ಹೇಳುವವನ ಹಾಗೆ ಹೇಳಲಿಲ್ಲ.

"ಈಡು ಕೇಳ್ತು ಸಾಯ್ಬ್ರೇ. ಮ್ಯಾಲೆ ನೋಡ್ದೆ, ಹೊಗಿ ಕಾಣ್ಲೇ ಇಲ್ಲ. ಹಂಗಾರೆ ಕೋವಿ ದೂರ ಐತಿ ಅಂದ್ಕಂಡು ನೆಡ್ದೆ. ಹೊಗಿ ಕಂಡಿದ್ರೆ ಅಲ್ಲೇ ಕೂತ್ಕತ್ತಿದ್ದೆ."

ಸೋಯುವವರೆಲ್ಲ ಮಾಡುತ್ತಿದ್ದದ್ದು ಅದನ್ನೇ. ಕಾಡಿನಲ್ಲಿ ಸದ್ದು ಮೂರು ಗುಡ್ಡಕ್ಕೆ ಬಡಿದು ಬರುತ್ತದೆ, ಎಲ್ಲಿಂದ ಬಂತು ಹೇಳಲಾಗದು. ಗಿಡಗಳ ಮೇಲೆ ಎದ್ದ ಹೊಗೆ ನೋಡಿ ಕೋವಿ ಇಲ್ಲೇ ಇದೆ ಎಂದು ತಿಳಿದು, ಇದ್ದಲ್ಲೇ ಕುಕ್ಕರಿಸುತ್ತಿದ್ದರು. ಹೊಡೆದವನೂ ಹೊಗೆ ಚದುರುವವರೆಗೆ ಕಾಯುತ್ತಿದ್ದ. ಅಷ್ಟರಲ್ಲಿ ಎಲ್ಲರೂ ಕೂತಿರುತ್ತಿದ್ದರು. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ, ಕೇಳಿದರೆ ಹೀಗೊಂದು ಕ್ರಮ ಇದೆ ಎಂದೂ ಹೇಳುತ್ತಿರಲಿಲ್ಲ. ಅಪ್ಪ ಕೂತದ್ದನ್ನು ನೋಡಿ ಮಗ ಕೂತ, ಅಷ್ಟೆ. ಗೌಡರಿಗೂ ಅದು ಹೊಳೆದಿರಲಿಲ್ಲ. ಸಾಹೇಬರು ಕಿತ್ತಳೆಯ ಪೊಟ್ಟಣವನ್ನು ಕೈಯಲ್ಲೇ ಹಿಡಿದುಕೊಂಡು ಹೊರಗೆ ಬಂದುಬಿಟ್ಟರು. ನಾನು ಅದನ್ನು ಅವರ ಕೈಯಿಂದ ಬಿಡಿಸಿ ಒಳಗೆ ಕೊಟ್ಟು ಬಂದೆ.

ವಿಚಾರಣೆಯಾಗಿ ಆಕಸ್ಮಿಕ ಎಂದಾಯಿತು. ಊರು ಹಣೆಬರಹ ಎಂದಿತು. ಗೌಡರು ಗುತ್ಯನನ್ನು ಮನೆಯ ಮಗನ ಹಾಗೆ ಇಟ್ಟುಕೊಂಡರು. ಸಾಹೇಬರ ಕಡೆಗೆ ಯಾರೂ ಬೆರಳು ತೋರಿಸಲಿಲ್ಲ. ಅದೇ ಅವರನ್ನು ತಿಂದದ್ದು. ಯಾರಾದರೂ ಬಂದು ಬೈಯಲಿ ಎಂದು ಅವರು ಕಾಯುತ್ತಿದ್ದರು ಎಂದು ನನಗೆ ಈಗಲೂ ಅನ್ನಿಸುತ್ತದೆ. ಚಪ್ಪಲಿಯ ಸದ್ದು ಮೊದಲಿಗಿಂತ ಜೋರಾಯಿತು. ಒಂದು ಮಧ್ಯಾಹ್ನ ನನಗೆ ತಡೆಯಲಾಗದೆ ಹಲಗೆಗೆ ಗಜಕೋಲಿನಿಂದ ಬಡಿದು, ಒಂದು ಗಳಿಗೆ ಕೂರಬಾರದೇ ಎಂದು ಕೂಗಿದೆ. ಅವರು ಗೋಡೆಯ ಸಂದಿಗೆ ಬಂದು ನಿಂತರು.

"ಹ್ಯಾಂಗ ಕೂರ್ಲಿ, ಮಾಸ್ತರ್? ಹೊಗಿ ತಗದವ ನಾನು. ಅದರ ಜಾಗಾದಾಗ ನಾ ಏನೂ ಇಡ್ಲಿಲ್ಲ."

ಗಜಕೋಲು ಕೆಳಗಿಟ್ಟೆ. ಮಿಷನ್ ತುಳಿಯುತ್ತ ಕಣ್ಣೊರೆಸಿಕೊಂಡೆ.

ಆ ತೋಟೆ ಮಾರುವುದನ್ನೇ ನಿಲ್ಲಿಸುತ್ತೇನೆ ಎಂದು ಹೊರಟರು. ಅದೂ ನಡೆಯಲಿಲ್ಲ. ಬೇಡ ಬೇಡ ಎನ್ನುತ್ತಿದ್ದ ಜನಕ್ಕೆ ಈಗ ಅದೇ ಬೇಕು. ಗೌಡರು ಎರಡನೆಯ ಈಡಿಗೆ ಕಾಯಲಿಲ್ಲವಂತೆ ಎಂಬ ಸುದ್ದಿಯೊಂದೇ ಊರೂರು ಮುಟ್ಟಿತ್ತು. ಆ ಈಡು ಯಾರಿಗೆ ತಾಗಿತು ಎಂಬುದು ಹಿಂದೆ ಉಳಿದಿತ್ತು. ಇವರು ಕೊಡದಿದ್ದರೆ ಹುಬ್ಬಳ್ಳಿಯಿಂದ ತರಿಸಿಕೊಂಡರು. ಒಮ್ಮೆ ಬಾಯಿಗೆ ಹತ್ತಿದ ರುಚಿ ಬಿಡಿಸುವುದು ಯಾರಿಂದ ಸಾಧ್ಯ. ಆಗ ಸಾಹೇಬರು ನನ್ನ ಹತ್ತಿರ ಕೆಂಪು ಬಟ್ಟೆಯ ತುಂಡು ಕತ್ತರಿಸಿಕೊಡಲು ಹೇಳಿದರು. ತೋಟೆಯ ಪೆಟ್ಟಿಗೆಗೆ ಒಂದೊಂದು ಕಟ್ಟಿ ಕೊಡುವುದು. ಕೋವಿಯವರು ಕೂತ ಜಾಗದ ಮೇಲಿನ ಕೊಂಬೆಗೆ ಅದನ್ನು ಕಟ್ಟಬೇಕು, ಸೋಯುವವರು ಅದನ್ನು ನೋಡಿ ನಿಲ್ಲಬೇಕು. ಒಳ್ಳೆಯ ಉಪಾಯವೇ. ಆದರೆ ಶೂರ ಬೇಟೆಗಾರರು ತಲೆಯ ಮೇಲೆ ಕೆಂಪು ಚಿಂದಿ ಕಟ್ಟಿಕೊಂಡು ಕೂರುತ್ತಾರೆಯೇ? ಕೋವಿಯ ನಳಿಗೆ ಒರೆಸಲು ಬಳಸಿದರು, ಎಮ್ಮೆಯ ಕೊಂಬಿಗೆ ಸುತ್ತಿದರು. ಇಸಳೂರಿನಲ್ಲಿ ಒಬ್ಬ ಅದನ್ನು ಲಂಗೋಟಿ ಮಾಡಿಕೊಂಡದ್ದನ್ನು ನಾನೇ ಕಣ್ಣಾರೆ ಕಂಡೆ. ಇದನ್ನು ಸಾಹೇಬರಿಗೆ ಹೇಳಿದರೆ ನಗುತ್ತಾರೆ ಎಂದುಕೊಂಡೆ. ಅವರು ಆ ದಿನ ಅಂಗಡಿ ಮುಚ್ಚಿ ಹೊರಟುಹೋದರು.

ಮುಂದಿನ ವರ್ಷಗಳಲ್ಲಿ ಅವರು ಮಾಡಿದ ಕೆಲಸ ಇದು. ಎಲ್ಲಿ ಬೇಟೆಯ ಸುದ್ದಿ ಸಿಕ್ಕಿದರೂ ಅಲ್ಲಿಗೆ ಹೋಗುವುದು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಸೀಮೆ. ಕೋವಿಯವರ ಹಿಂದೆ ನಿಲ್ಲುವುದು. ಮೊದಲ ಈಡು ಹಾರಿದ ಕೂಡಲೆ ಎರಡು ಕೈಗಳನ್ನೂ ಬಾಯಿಗೆ ಹಿಡಿದು ಗಂಟಲು ಹರಿಯುವಂತೆ ಕೂಗುವುದು: ಕೂತ್ಕೊಳ್ರಿ. ಹಂದಿ ತಪ್ಪಿಸಿಕೊಂಡದ್ದಕ್ಕೆ ಬೈಸಿಕೊಂಡರು. ಯಲ್ಲಾಪುರದ ಹತ್ತಿರ ಒಂದು ಕಡೆ ಇವರನ್ನು ಕಾಡಿನ ಹೊರಗೇ ತಡೆದರು. ಹೊರಗೆ ನಿಂತೇ ಕೂಗಿದರು. ತೋಟೆ ಸಾಹೇಬರು ಹೋಗಿ ಕೂತ್ಕೊಳ್ರಿ ಸಾಹೇಬರು ಎಂದು ಹೆಸರಾಯಿತು. ತಾನು ಜನ್ಮದಲ್ಲಿ ಕೂತವರಲ್ಲ, ಊರಿಗೆಲ್ಲ ಕೂರಲು ಹೇಳುತ್ತಾರೆ ಎಂದು ನಾನೂ ಚುಡಾಯಿಸಿದ್ದುಂಟು. ಆದರೆ ಅವರು ನಿಂತ ಬೇಟೆಯಲ್ಲಿ ಒಬ್ಬನಿಗೂ ಗಾಯವಾಗಲಿಲ್ಲ. ಗುತ್ಯಾ ಇದನ್ನು ಕೇಳಿ, ಊರುಗೋಲು ಊರಿಕೊಂಡು ತಾನೂ ಗೌಡರ ಬೇಟೆಗೆ ಬರಲು ಶುರುಮಾಡಿದ. ಅಲ್ಲಿ ಕೂಗುವವರು ಇಬ್ಬರಾದರು.

ಆಮೇಲೆ ಯುದ್ಧ ಶುರುವಾಯಿತು. ತೋಟೆ ಬರುವುದು ನಿಂತಿತು, ಬಣ್ಣದ ಕ್ಯಾಟಲಾಗೂ ನಿಂತಿತು. ಸಾಹೇಬರ ಮಂಡಿ ಊದತೊಡಗಿ ಮೋಟಾರು ಹತ್ತುವುದು ಕಷ್ಟವಾಯಿತು. ಅಂಗಡಿ ಬಿಟ್ಟು ಯಲ್ಲಾಪುರದ ಮಗಳ ಮನೆಗೆ ಹೊರಟ ದಿನ ಗೋಡೆಯ ಸಂದಿಯ ಹತ್ತಿರ ಬಂದರು. ಮಿಕ್ಕವರ ಹಾಗೆ ಹೋಗಿಬರುತ್ತೇನೆ ಎನ್ನಲಿಲ್ಲ. ಅವರ ಚಿಂತೆ ಬೇರೆ ಇತ್ತು.

"ಯುದ್ಧ ಮುಗೀತದ, ಮಾಲು ಮತ್ತ ಬರ್ತದ. ನಾ ಇಲ್ದಾಗ ಯಾರು ಕೂಗ್ತಾರ, ಮಾಸ್ತರ್?"

ಯಾರಾದರೂ ಕೂಗುತ್ತಾರೆ, ನೀವು ಹೋಗಿ ಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳಿ ಎಂದೆ. ಅವರು ನಂಬಲಿಲ್ಲ, ನಾನೂ ನಂಬಿ ಹೇಳಿರಲಿಲ್ಲ. ಅವರ ಅಂಗಡಿಯಲ್ಲಿ ಈಗ ಬಳೆ ಮಾರುತ್ತಾರೆ. ಸದ್ದು ಅದೂ ಇದೆ. ನನ್ನ ಕಾಲಿಗೆ ಒಗ್ಗಿಲ್ಲ.

ಮೊನ್ನೆ ಅವರ ಅಳಿಯ ಮತ್ತೆ ಬಂದ. ಈ ಸಲ ಇಂಜಿನ್ ನಿಲ್ಲಿಸಿ ಒಳಗೆ ಬಂದ. ಕೂರಿಸಿ, ಮೊದಲಿನಿಂದ ಹೇಳು ಎಂದೆ. ಅವನು ಹೇಳಿದ. ಅವರ ಮನೆಯ ಹಿಂದೆ ಗದ್ದೆ, ಗದ್ದೆಯಾಚೆ ಗುಡ್ಡ. ಗುಡ್ಡದಲ್ಲಿ ಈಡಿನ ಸದ್ದು ಕೇಳಿದರೆ ಸಾಕು, ಮಾವ ಊಟ ಬಿಟ್ಟು, ನಮಾಜಿನಲ್ಲಿದ್ದರೆ ಅದು ಮುಗಿಯುತ್ತಲೇ, ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದರಂತೆ. ಕೂಗಲು ದನಿ ಏಳುತ್ತಿರಲಿಲ್ಲ. ಆದರೂ ಕೈ ಬಾಯಿಗೆ ಹಿಡಿಯುತ್ತಿದ್ದರು. ಮತ್ತೆ ಕಿವಿಗೊಟ್ಟು ನಿಲ್ಲುತ್ತಿದ್ದರು. ಎರಡನೆಯ ಈಡು ಕೇಳಿ, ಯಾರ ನೋವಿನ ಕೂಗೂ ಇಲ್ಲ ಎಂದು ಖಾತ್ರಿಯಾದ ಮೇಲೆಯೇ ಒಳಗೆ ಬರುವುದು. ಮಗಳು ಹಿತ್ತಲಲ್ಲಿ ಕುರ್ಚಿ ಹಾಕಿಸಿದ್ದಳು, ಅದರಲ್ಲಿ ಅವರು ಕೂರಲಿಲ್ಲ, ಅದರ ಬೆನ್ನು ಹಿಡಿದು ನಿಲ್ಲುತ್ತಿದ್ದರು.

ಆ ಬೆಳಿಗ್ಗೆಯೂ ಈಡು ಹಾರಿತು, ಈ ಸಲ ಮಾತು ಕೇಳುವಷ್ಟು ಹತ್ತಿರ, ಗುಡ್ಡದ ಈಚೆ ಮಗ್ಗುಲಲ್ಲಿ. ಮಾವ ಹೋಗಿ ನಿಂತರು. ಅಳಿಯ ಅಂಗಳದಲ್ಲಿ ಲಾರಿಗೆ ನೀರು ಹಾಕುತ್ತಿದ್ದ, ಅವನಿಗೂ ಕೇಳಿತಂತೆ. ಈಡಿನ ಬೆನ್ನಿಗೇ ಗುಡ್ಡದ ಮೇಲಿನಿಂದ ಯಾರೋ ದೊಡ್ಡ ದನಿಯಲ್ಲಿ ಕೂಗಿದರು, ಕೂತ್ಕಳ್ರೋ ಎಂದು. ಅದಕ್ಕೆ ಇನ್ನೊಂದು ಕಡೆಯಿಂದ ಮತ್ತೊಬ್ಬರು ದನಿಗೂಡಿಸಿದರು.

ಯಾರವರು, ನಿಮ್ಮ ಮಾವನ ಪರಿಚಯದವರೇ ಎಂದು ಕೇಳಿದೆ.

"ಯಾರೋ ಗೊತ್ತಿಲ್ರೀ. ನಮ್ಮ ಕಡೆ ಈಡು ಹೊಡದ್ರ ಹಂಗ ಕೂಗೋದ ಪದ್ಧತಿ, ಮದ್ಲಿಂದ. ಮಾವ ಅದನ್ನ ಪೂರಾ ಕೇಳಿದ್ರು. ಕುರ್ಚಿ ಮನಿ ಕಡೆ ತಿರುಗಿಸಿಕೊಂಡು ಕೂತ್ರು. ನಾ ನೀರು ಹಾಕಿ ಬರೂದ್ರಾಗ ಹೋಗಿಬಿಟ್ಟಿದ್ರು."

ಮೊದಲಿಂದ ಎಂದ. ಅದು ಮೊದಲಿಂದ ಇದ್ದದ್ದಲ್ಲ, ಯಾರಿಂದ ಬಂತು ಎಂದು ಅವನಿಗೆ ಹೇಳಬೇಕೆಂದು ಬಾಯಿ ತೆರೆದೆ. ಬದಲಿಗೆ ಅವನಿಗೆ ಚಹಾ ತರಿಸಿ, ಅವನು ಕುಡಿದು ಮುಗಿಸುವವರೆಗೆ ನಾನು ಅಂಗಡಿಯ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದೆ.